ಉಪ್ಪು ಅಳೆದು ಊರಿನ ಗುಟ್ಟು ಹೇಳಿದ ಎಲ್ಲೆನ್ ಸ್ವಾಲೋ ರಿಚರ್ಡ್ಸ್

ಎನ್ವಿರಾನ್ಮೆಂಟಲ್ ಲ್ಯಾಬಿನಲ್ಲಿ ಕ್ಲೋರೈಡ್ ಟೈಟ್ರೇಷನ್ ಮಾಡದ ಸಿವಿಲ್ ವಿದ್ಯಾರ್ಥಿ ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಕೋನಿಕಲ್ ಫ್ಲಾಸ್ಕಿಗೆ ನೀರು, ಮೇಲೆ ಎರಡು ಮೂರು ಹನಿ ಪೊಟ್ಯಾಸಿಯಂ ಕ್ರೋಮೇಟ್, ಬ್ಯುರೆಟ್ಟಿನಲ್ಲಿ ಸಿಲ್ವರ್ ನೈಟ್ರೇಟ್. ಹಳದಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿದ ಕೂಡಲೇ ನಿಲ್ಲಿಸಬೇಕು. ನಿಲ್ಲಿಸುವಷ್ಟರಲ್ಲಿ ಒಂದು ಮಿಲಿಲೀಟರ್ ಹೆಚ್ಚಿಗೆ ಹೋಗಿರುತ್ತೆ. ಆಮೇಲೆ ಏನು ಮಾಡ್ತೀವಿ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು. ಪಕ್ಕದ ಬ್ಯಾಚಿನವರ ರೀಡಿಂಗ್ ನೋಡಿ, ಪಾಯಿಂಟ್ ಎರಡು ಆಚೆ ಈಚೆ ಮಾಡಿ ರೆಕಾರ್ಡ್ ಬರೆದು ಮುಗಿಸುತ್ತೇವೆ. ಬಂದ ಉತ್ತರ 250ಕ್ಕಿಂತ ಕಡಿಮೆ ಇದ್ದರೆ ಕುಡಿಯಲು ಯೋಗ್ಯ ಅಂತ ಒಂದು ಸಾಲು. ಸಹಿ. ಆಯ್ತು.

ಇದೇ ಪರೀಕ್ಷೆಯನ್ನು ಹಿಡಿದುಕೊಂಡು ಒಂದು ಇಡೀ ರಾಜ್ಯದ ನದಿ, ಕೆರೆ, ಬಾವಿಗಳ ಒಳಗುಟ್ಟನ್ನು ಹೊರಗೆಳೆದವರೊಬ್ಬರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಎಲ್ಲೆನ್ ಸ್ವಾಲೋ ರಿಚರ್ಡ್ಸ್. ಎಂಐಟಿಯಲ್ಲಿ ಓದಿದ ಮೊದಲ ಮಹಿಳೆ ಅಂತ ಕ್ವಿಜ್ ಪ್ರಶ್ನೆಯಾಗಿ ಇವರ ಹೆಸರು ಕೆಲವರಿಗೆ ಗೊತ್ತಿರಬಹುದು. (ನಮ್ಮ ಕಡೆ ಎಂಐಟಿ ಅಂದರೆ ಮೊದಲು ಮಣಿಪಾಲವೇ ನೆನಪಾಗುತ್ತೆ, ಇದು ಬಾಸ್ಟನ್ನಿನದು.) ಆ ಮೊದಲ ಮಹಿಳೆ ಎಂಬ ಪಟ್ಟದ ಆಚೆಗೆ ಏನಿದೆ ಅಂತ ಹುಡುಕಲು ಹೊರಟಾಗ ನಮಗೆ ಸಿಕ್ಕ ಕಥೆ ಇದು.

ಎಲ್ಲೆನ್ ಹುಟ್ಟಿದ್ದು 1842ರ ಡಿಸೆಂಬರ್ 3ರಂದು, ಡನ್‌ಸ್ಟೆಬಲ್ ಎಂಬ ಸಣ್ಣ ಹಳ್ಳಿಯಲ್ಲಿ. ಅಪ್ಪ ಪೀಟರ್, ಅಮ್ಮ ಫ್ಯಾನಿ. ಇಬ್ಬರೂ ಮೇಷ್ಟರ ಕೆಲಸ ಮಾಡಿದವರು. ಒಬ್ಬಳೇ ಮಗಳು. ಸ್ವಲ್ಪ ನಾಜೂಕು ಆರೋಗ್ಯ, ಹಾಗಾಗಿ ಪಾಠವೆಲ್ಲ ಮನೆಯಲ್ಲೇ; ಉಳಿದ ಹೊತ್ತು ಹೊಲದಲ್ಲಿ. 1859ರಲ್ಲಿ ಅಪ್ಪ ವ್ಯವಸಾಯ ಬಿಟ್ಟು ವೆಸ್ಟ್‌ಫರ್ಡ್ ಎಂಬ ಊರಿಗೆ ಬಂದು ದಿನಸಿ ಅಂಗಡಿ ಇಟ್ಟರು. ಮಗಳಿಗೆ ಅಲ್ಲಿನ ಅಕಾಡೆಮಿ ಶಾಲೆ ಸಿಗಲಿ ಎಂಬುದೂ ಅದಕ್ಕೊಂದು ಕಾರಣ. ಹುಡುಗಿ ಓದಿದಳು, ಅಂಗಡಿಯಲ್ಲಿ ಸಾಮಾನು ಕಟ್ಟಿಕೊಟ್ಟಳು, ಲೆಕ್ಕ ಬರೆದಳು, ಅಮ್ಮನಿಗೆ ಹುಷಾರು ತಪ್ಪಿದಾಗ ಮನೆ ನೋಡಿಕೊಂಡಳು. ಮುಂದೆ ಓದಬೇಕು ಅಂದರೆ ಹೆಣ್ಣುಮಕ್ಕಳಿಗೆ ಕಾಲೇಜೇ ಇರಲಿಲ್ಲ. ಇದ್ದರೂ ದುಡ್ಡಿರಲಿಲ್ಲ. ಪಾಠ ಹೇಳಿ, ಬೇರೆಯವರ ಮನೆಗೆಲಸ ಮಾಡಿ, ಕಾಸಿಗೆ ಕಾಸು ಕೂಡಿಟ್ಟಳು. ಆ ನಡುವಿನ ಎರಡು ವರ್ಷ ಏನೂ ದಾರಿ ಕಾಣದೆ ಮಂಕಾಗಿ, ಹಾಸಿಗೆ ಬಿಟ್ಟು ಏಳಲೂ ಮನಸ್ಸಿಲ್ಲದ ಸ್ಥಿತಿಯಲ್ಲಿ ಕಳೆದಳು ಎಂದು ಆಕೆಯ ದಿನಚರಿಯಿಂದ ತಿಳಿಯುತ್ತದೆ. ಇಯರ್ ಬ್ಯಾಕ್ ಆಗಿ ಮನೆಯಲ್ಲಿ ಕೂತ ನಮ್ಮ ಗೆಳೆಯರಿಗೆ ಈ ಮಾತು ಬೇಗ ಅರ್ಥವಾದೀತು.

1868ರಲ್ಲಿ, ಸುಮಾರು 300 ಡಾಲರ್ ಉಳಿತಾಯದೊಂದಿಗೆ, ನ್ಯೂಯಾರ್ಕ್ ರಾಜ್ಯದ ವಾಸರ್ ಎಂಬ ಹೊಸ ಮಹಿಳಾ ಕಾಲೇಜಿಗೆ ಸೇರಿದಾಗ ವಯಸ್ಸು 25. ಈಗ ನಮ್ಮಲ್ಲಿ ಆ ವಯಸ್ಸಿಗೆ ಎಂಟೆಕ್ ಮುಗಿದಿರುತ್ತೆ. ಅಲ್ಲಿ ಖಗೋಳಶಾಸ್ತ್ರಕ್ಕೆ ಮರಿಯಾ ಮಿಚೆಲ್, ರಸಾಯನಶಾಸ್ತ್ರಕ್ಕೆ ಚಾರ್ಲ್ಸ್ ಫರಾರ್. ಇಬ್ಬರೂ ಸೆಳೆದರು. ನಕ್ಷತ್ರ ಬಿಟ್ಟು ಕೊನೆಗೆ ಆರಿಸಿಕೊಂಡದ್ದು ರಸಾಯನಶಾಸ್ತ್ರವನ್ನು. ಅದು ದಿನದ ಬದುಕಿಗೆ ನೇರವಾಗಿ ಉಪಯೋಗಕ್ಕೆ ಬರುತ್ತೆ ಎಂಬ ಕಾರಣಕ್ಕೆ. 1870ರಲ್ಲಿ ಪದವಿ ಬಂತು. ಬಾಸ್ಟನ್ನಿನ ಒಂದು ರಸಾಯನ ವಿಶ್ಲೇಷಣೆಯ ಕಂಪನಿಗೆ ಅಪ್ರೆಂಟಿಸ್ ಕೆಲಸ ಕೇಳಿ ಪತ್ರ ಬರೆದರೆ, ನಮ್ಮಲ್ಲಿ ಆಗುವುದಿಲ್ಲ, ಹೊಸದಾಗಿ ಶುರುವಾದ ಆ ತಾಂತ್ರಿಕ ಸಂಸ್ಥೆಯಲ್ಲಿ ಕೇಳಿ ನೋಡಿ ಎಂದು ಉತ್ತರ ಬಂತು. ಆ ಸಂಸ್ಥೆಯೇ ಎಂಐಟಿ. ಅಲ್ಲಿ ಪಾಠ ಆರಂಭವಾಗಿ ಆರು ವರ್ಷವೂ ಆಗಿರಲಿಲ್ಲ.

ಇಲ್ಲಿಯವರೆಗೆ ಹುಡುಗಿ, ಅವಳು ಅಂತ ಬರೆದೆವು. ಇನ್ನು ಮುಂದೆ ಕೈ ಆ ಏಕವಚನಕ್ಕೆ ಬರುವುದಿಲ್ಲ.

ಎಂಐಟಿ ಅವರನ್ನು ವಿಶೇಷ ವಿದ್ಯಾರ್ಥಿನಿ ಎಂದು ಸೇರಿಸಿಕೊಂಡಿತು. ಫೀಸು ಬೇಡ ಎಂದಿತು. ಬಡತನ ನೋಡಿ ಕರುಣೆ ತೋರಿದ್ದಾರೆ ಅಂದುಕೊಂಡು ಎಲ್ಲೆನ್ ಖುಷಿಪಟ್ಟರು. ಅಸಲಿ ಕಾರಣ ಗೊತ್ತಾದದ್ದು ಬಹಳ ದಿನಗಳ ಮೇಲೆ. ಗಂಡಸರ ಕಾಲೇಜಿನಲ್ಲಿ ಹೆಂಗಸು ಯಾಕೆ ಅಂತ ಯಾರಾದರೂ ತಕರಾರು ತೆಗೆದರೆ, ಆಕೆ ನಮ್ಮ ವಿದ್ಯಾರ್ಥಿಯೇ ಅಲ್ಲ, ಫೀಸು ಕಟ್ಟಿದ ದಾಖಲೆಯೇ ಇಲ್ಲ ಅಂತ ಕೈತೊಳೆದುಕೊಳ್ಳಲು ಮಾಡಿದ ಏರ್ಪಾಡು ಅದು. ಮೊದಲೇ ಗೊತ್ತಿದ್ದರೆ ಸೇರುತ್ತಲೇ ಇರಲಿಲ್ಲ ಎಂದು ಅವರು ಆಮೇಲೆ ಹೇಳಿಕೊಂಡರಂತೆ.

1871ರ ಜನವರಿಯಲ್ಲಿ ಸೇರಿದರು. ಅದೇ ವರ್ಷ ಅಪ್ಪ ರೈಲು ಅಪಘಾತದಲ್ಲಿ ತೀರಿಕೊಂಡರು. ಅಮ್ಮನ ಜವಾಬ್ದಾರಿ ಹೆಗಲಿಗೆ ಬಂತು. ಲ್ಯಾಬಿನಲ್ಲಿ ಇವರ ಕಡೆ ಸಂಶಯದ ಕಣ್ಣುಗಳೇ ಹೆಚ್ಚು. ಎಲ್ಲೆನ್ ಜಗಳಕ್ಕೆ ಹೋಗಲಿಲ್ಲ. ಲ್ಯಾಬು ಗುಡಿಸಿದರು, ಸೂಜಿ ದಾರ ಕತ್ತರಿ ಸದಾ ಕೈಗೆ ಸಿಗುವಂತೆ ಇಟ್ಟುಕೊಂಡು ಪ್ರೊಫೆಸರುಗಳಿಗೆ ಕಿತ್ತುಹೋದದ್ದನ್ನೆಲ್ಲ ಹೊಲಿದುಕೊಟ್ಟರು, ಯಾರದಾದರೂ ಬೆರಳಿಗೆ ಗಾಯವಾದರೆ ಕಟ್ಟು ಕಟ್ಟಿದರು. ಇದು ಓದುವಾಗ ನಮ್ಮ ಸಂಪಾದಕ ಬಳಗದ ಹುಡುಗಿಯರಿಗೆ ಸಿಟ್ಟು ಬಂತು. ಲ್ಯಾಬಿಗೆ ಬಂದೂ ಗುಂಡಿ ಹೊಲಿಯಬೇಕಾ ಅಂತ. ಸಿಟ್ಟು ನ್ಯಾಯವೇ. ಎಲ್ಲೆನ್ ಮಾತ್ರ ಇದನ್ನು ಲೆಕ್ಕಾಚಾರವಾಗಿಯೇ ಮಾಡಿದಂತೆ ಕಾಣುತ್ತೆ. ಬೇಡದವಳಾಗಿ ಒಳಗೆ ಬಂದವರು, ಎರಡು ವರ್ಷದಲ್ಲಿ ಇಲ್ಲದಿದ್ದರೆ ನಡೆಯದವರಾದರು. 1873ರಲ್ಲಿ ಎಂಐಟಿಯ ಬಿಎಸ್‌ಸಿ ಪದವಿ. ಅದೇ ವರ್ಷ ಕಬ್ಬಿಣದ ಅದಿರಿನಲ್ಲಿ ವನೇಡಿಯಂ ಅಳೆದ ಪ್ರಬಂಧಕ್ಕೆ ವಾಸರ್‌ನಿಂದ ಎಂಎ. ಡಾಕ್ಟರೇಟಿಗೆಂದು ಇನ್ನೂ ಎರಡು ವರ್ಷ ಅಲ್ಲೇ ದುಡಿದರು. ಸಿಗಲಿಲ್ಲ. ರಸಾಯನಶಾಸ್ತ್ರದ ಮೊದಲ ಡಾಕ್ಟರೇಟು ಹೆಂಗಸಿಗೆ ಹೋಗುವುದು ವಿಭಾಗದ ಹಿರಿಯರಿಗೆ ಬೇಡವಾಗಿತ್ತು ಎಂಬುದು ಅವರ ಗಂಡನ ಅಭಿಪ್ರಾಯ.

ಗಂಡ ಅಂದೆವಲ್ಲ, ಅವರು ರಾಬರ್ಟ್ ಹ್ಯಾಲೊವೆಲ್ ರಿಚರ್ಡ್ಸ್. ಅದೇ ಸಂಸ್ಥೆಯ ಮೈನಿಂಗ್ ಎಂಜಿನಿಯರಿಂಗ್ ಪ್ರೊಫೆಸರ್. ಮದುವೆ ಪ್ರಸ್ತಾಪ ಬಂದದ್ದೂ ಲ್ಯಾಬಿನಲ್ಲೇ. 1875ರ ಜೂನಿನಲ್ಲಿ ಮದುವೆ, ಮಧುಚಂದ್ರಕ್ಕೆ ನೋವಾ ಸ್ಕೋಶಿಯಾದ ಗಣಿಗಳು, ಜತೆಗೆ ರಾಬರ್ಟರ ಮೈನಿಂಗ್ ತರಗತಿಯ ಹುಡುಗರು! ಇಂಡಸ್ಟ್ರಿಯಲ್ ವಿಸಿಟ್ಟಿಗೂ ಹನಿಮೂನಿಗೂ ಒಂದೇ ಟಿಕೆಟ್. ಗಂಡನ ಸಂಬಳದಲ್ಲಿ ಮನೆ ನಡೆಯುತ್ತಿದ್ದುದರಿಂದ ಮುಂದಿನ ಎಷ್ಟೋ ವರ್ಷ ಎಲ್ಲೆನ್ ಸಂಬಳವಿಲ್ಲದೆ ಕೆಲಸ ಮಾಡಲು ಆಯಿತು. 1876ರಲ್ಲಿ ಎಂಐಟಿಯಲ್ಲಿ ಮಹಿಳೆಯರಿಗೆಂದು ಪ್ರತ್ಯೇಕ ಪ್ರಯೋಗಾಲಯ ತೆರೆಸಿದರು. ಅದಕ್ಕೆ ಕೈಯಿಂದ ವರ್ಷಕ್ಕೆ ಸುಮಾರು ಸಾವಿರ ಡಾಲರ್ ಹಾಕುತ್ತಿದ್ದರು. 1883ರಲ್ಲಿ ಅದು ಮುಚ್ಚಿತು. ಸೋತು ಮುಚ್ಚಿದ್ದಲ್ಲ; ಹೆಣ್ಣುಮಕ್ಕಳನ್ನು ಮಾಮೂಲಿ ತರಗತಿಗೇ ಸೇರಿಸಿಕೊಳ್ಳಲು ಸಂಸ್ಥೆ ಒಪ್ಪಿದ್ದರಿಂದ ಬೇರೆ ಲ್ಯಾಬಿನ ಅಗತ್ಯವೇ ಇಲ್ಲವಾಯಿತು. ಮರುವರ್ಷ ಸ್ಯಾನಿಟರಿ ಕೆಮಿಸ್ಟ್ರಿಯ ಪ್ರಯೋಗಾಲಯ ಶುರುವಾಯಿತು, ಅಮೆರಿಕದಲ್ಲಿ ಆ ಥರದ್ದು ಮೊದಲನೆಯದು. ಎಲ್ಲೆನ್ ಅಲ್ಲಿ ಇನ್‌ಸ್ಟ್ರಕ್ಟರ್ ಆದರು. ಸಾಯುವವರೆಗೂ, ಅಂದರೆ 27 ವರ್ಷ, ಇನ್‌ಸ್ಟ್ರಕ್ಟರ್ ಆಗಿಯೇ ಉಳಿದರು. ಪ್ರೊಫೆಸರ್ ಅಂತ ಕರೆಸಿಕೊಳ್ಳುವ ಯೋಗ ಬರಲಿಲ್ಲ.

ಈಗ ನೀರಿನ ವಿಷಯಕ್ಕೆ ಬರೋಣ. ನಾವು ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

ಆ ಕಾಲದ ಮ್ಯಾಸಚೂಸೆಟ್ಸ್ ಅಂದರೆ ಕಾರ್ಖಾನೆಗಳ ನಾಡು. ಮೆರಿಮ್ಯಾಕ್ ನದಿಯ ದಡದಲ್ಲಿ ಲೋವೆಲ್, ಅದರ ಕೆಳಗೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಲಾರೆನ್ಸ್. ಎರಡೂ ನೀರಿನ ಶಕ್ತಿಯಿಂದ ಮಗ್ಗ ಓಡಿಸಿದ ಜವಳಿ ನಗರಗಳು. ಬಣ್ಣದ ನೀರು, ಉಣ್ಣೆ ತೊಳೆದ ನೀರು, ಚರ್ಮ ಹದ ಮಾಡಿದ ನೀರು, ಕಾಗದದ ಗಿರಣಿಯ ನೀರು, ಜತೆಗೆ ಸಾವಿರಾರು ಕೆಲಸಗಾರರ ಶೌಚದ ನೀರು, ಎಲ್ಲವೂ ಹೊಳೆಗೇ. ಲೋವೆಲ್ ಬಿಟ್ಟ ನೀರನ್ನೇ ಲಾರೆನ್ಸ್ ಕುಡಿಯುತ್ತಿತ್ತು. ಹರಿಯುವ ನೀರಿಗೆ ಮೈಲಿಗೆ ಇಲ್ಲ ಅನ್ನುವ ನಂಬಿಕೆ ನಮ್ಮ ಅಜ್ಜಿಯರದು ಮಾತ್ರ ಅಂದುಕೊಳ್ಳಬೇಡಿ. ಹೊಳೆ ಕೆಲವು ಮೈಲಿ ಹರಿದರೆ ತಾನೇ ಶುದ್ಧವಾಗುತ್ತದೆ ಎಂದು ಅಲ್ಲಿನ ಓದಿದ ಎಂಜಿನಿಯರುಗಳೂ ವಾದಿಸುತ್ತಿದ್ದರು. 1878ರಲ್ಲಿ ಕುಡಿಯುವ ನೀರಿನ ಹೊಳೆಗಳಿಗೆ ಕೊಳೆ ಬಿಡಬಾರದೆಂದು ರಾಜ್ಯ ಒಂದು ಕಾನೂನು ಮಾಡಿತು. ಆದರೆ ಗಿರಣಿಗಳು ಸಾಲುಗಟ್ಟಿದ್ದ ಮೆರಿಮ್ಯಾಕ್ ಮತ್ತು ಕನೆಕ್ಟಿಕಟ್ ನದಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಎಲ್ಲಿ ಬೇಕೋ ಅಲ್ಲಿ ಬಿಟ್ಟು ಉಳಿದೆಡೆಗೆ ಕಾನೂನು. ಇದನ್ನು ಓದಿ ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

ಎಲ್ಲೆನ್‌ಗೆ ನೀರಿನ ಪರಿಚಯ ವಿದ್ಯಾರ್ಥಿ ದೆಸೆಯಿಂದಲೇ ಇತ್ತು. 1872ರಲ್ಲಿ ರಾಜ್ಯದ ಆರೋಗ್ಯ ಮಂಡಳಿ ಪ್ರೊಫೆಸರ್ ವಿಲಿಯಂ ರಿಪ್ಲಿ ನಿಕಲ್ಸ್ ಅವರಿಗೆ ನೀರಿನ ಪರೀಕ್ಷೆ ಒಪ್ಪಿಸಿದಾಗ, ಫ್ಲಾಸ್ಕ್ ಹಿಡಿದು ನಿಂತ ಸಹಾಯಕಿ ಎಲ್ಲೆನ್. ನಿಕಲ್ಸ್ ಹೆಣ್ಣುಮಕ್ಕಳ ತಾಂತ್ರಿಕ ಓದಿಗೆ ಅಷ್ಟೇನೂ ಒಲವಿದ್ದವರಲ್ಲ. ಆದರೂ ಇವರ ವಿಶ್ಲೇಷಣೆಯನ್ನು ನೆಚ್ಚಿಕೊಂಡರು. ನಿಕಲ್ಸ್ 1886ರಲ್ಲಿ ತೀರಿಕೊಂಡರು. ಅದೇ ವರ್ಷ ರಾಜ್ಯ ಹೊಸ ಕಾನೂನು ತಂದು, ಒಳನಾಡಿನ ಎಲ್ಲ ಜಲಮೂಲಗಳ ಮೇಲೆ ಕಣ್ಣಿಡುವ ಹೊಣೆಯನ್ನು ಆರೋಗ್ಯ ಮಂಡಳಿಗೆ ವಹಿಸಿತು. ಮಂಡಳಿಯ ನೀರಿನ ಸಮಿತಿಗೆ ಹೈರಮ್ ಮಿಲ್ಸ್ ಎಂಬ ಎಂಜಿನಿಯರ್ ಅಧ್ಯಕ್ಷ. ತಮಾಷೆ ನೋಡಿ, ಇದೇ ಮಿಲ್ಸ್ ಲಾರೆನ್ಸ್‌ನಲ್ಲಿ ಗಿರಣಿಗಳಿಗೆ ಜಲಶಕ್ತಿ ಮಾರುವ ಕಂಪನಿಯ ಮುಖ್ಯ ಎಂಜಿನಿಯರೂ ಹೌದು. ಕಾರ್ಖಾನೆ ಕಡೆಯವರು ಅಂತ ತಳ್ಳಿಹಾಕಲು ಹೋದರೆ ತಪ್ಪಾಗುತ್ತೆ. ಮುಂದೆ ಲಾರೆನ್ಸ್ ಜನರ ಜೀವ ಉಳಿಸಿದವರಲ್ಲಿ ಅವರೂ ಒಬ್ಬರು.

1887ರಲ್ಲಿ ಸರ್ವೆ ಶುರುವಾಯಿತು. ರಾಜ್ಯದ ಬಹುಪಾಲು ಜನ ಕುಡಿಯುವ ಪ್ರತಿಯೊಂದು ಕೆರೆ, ಹೊಳೆ, ಬಾವಿಯಿಂದ ತಿಂಗಳು ತಿಂಗಳೂ ಬಾಟಲಿಗಳು ಎಂಐಟಿ ಲ್ಯಾಬಿಗೆ ಬರಬೇಕು. ರಸಾಯನ ವಿಭಾಗದ ಮೇಲ್ವಿಚಾರಣೆ ಥಾಮಸ್ ಡ್ರೌನ್ ಅವರದು; ಲ್ಯಾಬು ನಿಂತು ನಡೆಸಿದವರು ಎಲ್ಲೆನ್. ಎರಡು ವರ್ಷ ದಿನವಿಡೀ ಅದೇ. ಆ ನಂತರದ ವರ್ಷಗಳನ್ನೂ ಸೇರಿಸಿದರೆ ಅವರ ಕೈಯಡಿಯಲ್ಲಿ ಹತ್ತಾರು ಸಾವಿರ ಮಾದರಿಗಳು ದಾಟಿಹೋದವು.

ಬಾಟಲಿ ಬಂತು ಅಂದರೆ ಏನೇನು ನೋಡುತ್ತಿದ್ದರು? ಬಣ್ಣ, ವಾಸನೆ, ಒಣಗಿಸಿದಾಗ ಉಳಿಯುವ ಗಟ್ಟಿ ಅಂಶ, ಗಡಸುತನ. ಇವು ಸುಲಭದವು. ಮುಖ್ಯವಾದದ್ದು ನೈಟ್ರೋಜನ್ನಿನ ಲೆಕ್ಕ. ಹೊಲಸು ಈಗಷ್ಟೇ ಸೇರಿದ್ದರೆ ನೈಟ್ರೋಜನ್ ಇನ್ನೂ ಸಾವಯವ ರೂಪದಲ್ಲಿರುತ್ತೆ. ಕೊಳೆಯುತ್ತಾ ಅಮೋನಿಯಾ ಆಗುತ್ತೆ. ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್. ಈ ನಾಲ್ಕನ್ನೂ ಬೇರೆ ಬೇರೆ ಅಳೆದರೆ ಕೊಳೆ ಸೇರಿ ಎಷ್ಟು ಹೊತ್ತಾಯಿತು ಅನ್ನುವುದರ ಅಂದಾಜು ಸಿಗುತ್ತದೆ, ಪೊಲೀಸರು ಹೆಜ್ಜೆಗುರುತು ನೋಡಿ ಕಳ್ಳ ಯಾವಾಗ ಹೋದ ಅಂತ ಹೇಳುವ ಹಾಗೆ. ಅಮೋನಿಯಾ ಅಳೆಯಲು ನೀರನ್ನು ಬಟ್ಟಿ ಇಳಿಸಿ, ನೆಸ್ಲರ್ ರಸಾಯನ ಹಾಕಿ, ಹುಟ್ಟಿದ ಹಳದಿ ಬಣ್ಣವನ್ನು ಗೊತ್ತಿರುವ ದ್ರಾವಣಗಳ ಪಕ್ಕದಲ್ಲಿಟ್ಟು ಕಣ್ಣಲ್ಲೇ ಹೋಲಿಸಬೇಕು. ಸ್ಪೆಕ್ಟ್ರೋಫೋಟೋಮೀಟರ್ ಇಲ್ಲ. ಲಕ್ಷ ಭಾಗ ನೀರಿಗೆ ಭಾಗದ ನೂರನೇ, ಸಾವಿರನೇ ಅಂಶದಷ್ಟನ್ನು ಹೀಗೆ ಬರಿಗಣ್ಣಲ್ಲಿ ಓದುವುದು. ಬಾಟಲಿ ಸ್ವಲ್ಪ ತಡವಾಗಿ ತೆರೆದರೂ ಅದರೊಳಗಿನ ಲೆಕ್ಕ ಬದಲಾಗಿಬಿಡುತ್ತೆ. ಲ್ಯಾಬಿನ ಗಾಳಿಯಲ್ಲೇ ಅಮೋನಿಯಾ ಇದ್ದರೆ ಇಡೀ ದಿನದ ಕೆಲಸ ಹಾಳು. ಅಂಥ ಕೆಲಸವನ್ನು ಒಂದು ಬಾರಿಯಲ್ಲ, ಸಾವಿರಾರು ಬಾರಿ, ಒಂದೇ ಥರ ಮಾಡಬೇಕು. ಇವತ್ತಿನ ಬಾಟಲಿಯನ್ನು ಆರು ತಿಂಗಳ ಹಿಂದಿನ ಬಾಟಲಿಗೆ ಹೋಲಿಸಬಹುದು ಎಂಬ ನಂಬಿಕೆ ನಿಲ್ಲುವುದೇ ಆ ಒಂದೇ ಥರದ ಮೇಲೆ. ಪಕ್ಕದ ಬ್ಯಾಚಿನ ರೀಡಿಂಗ್ ಬರೆಯುವ ನಾವು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಈಗ ಕ್ಲೋರಿನ್. ನಾವು ಈಗ ಕ್ಲೋರೈಡ್ ಅನ್ನುವುದನ್ನು ಆಗ ಹಾಗೆ ಕರೆಯುತ್ತಿದ್ದರು. ನಾವೆಲ್ಲ ಉಪ್ಪು ತಿನ್ನುತ್ತೇವೆ, ತಿಂದದ್ದು ಮೂತ್ರದಲ್ಲಿ ಹೊರಗೆ ಬರುತ್ತೆ. ಚರಂಡಿ ನೀರಿನಲ್ಲಿ ಹಾಗಾಗಿ ಉಪ್ಪು ಹೆಚ್ಚು. ಈ ಕ್ಲೋರೈಡಿಗೊಂದು ಹಟಮಾರಿ ಗುಣವಿದೆ. ಅಮೋನಿಯಾ ಬದಲಾಗುತ್ತೆ, ಸೂಕ್ಷ್ಮಜೀವಿ ಸಾಯುತ್ತವೆ, ಬಣ್ಣ ತಿಳಿಯಾಗುತ್ತೆ, ಮಣ್ಣಿನಲ್ಲಿ ಸೋಸಿದರೆ ವಾಸನೆಯೂ ಹೋಗುತ್ತೆ. ಕ್ಲೋರೈಡ್ ಮಾತ್ರ ಎಲ್ಲೂ ಹೋಗುವುದಿಲ್ಲ. ಕಣ್ಣಿಗೆ ಹೊಳೆಯುವ ತಿಳಿನೀರಿನ ಬಾವಿಯಲ್ಲೂ ಅದು ಕೂತಿದ್ದು, ಈ ನೀರು ಯಾವತ್ತೋ ಒಂದು ದಿನ ಮನುಷ್ಯರ ಕೊಳೆಯ ಮೂಲಕ ಹಾದು ಬಂದಿದೆ ಅಂತ ಹೇಳಿಬಿಡುತ್ತೆ.

ಅದರಲ್ಲಿ ಒಂದು ತೊಡಕಿತ್ತು. ಕಡಲತೀರದ ಊರುಗಳಲ್ಲಿ ಯಾವ ಚರಂಡಿಯೂ ಇಲ್ಲದ ಶುದ್ಧ ಕೆರೆಯಲ್ಲೂ ಕ್ಲೋರಿನ್ ಜಾಸ್ತಿ. ಅಲೆಗಳಿಂದ ಹಾರಿದ ಉಪ್ಪಿನ ಕಣವನ್ನು ಗಾಳಿ ಒಳನಾಡಿಗೆ ಹೊತ್ತು ತಂದು ಮಳೆಯ ಜತೆ ಸುರಿಸುತ್ತದೆ. ಹಾಗಾದರೆ ಎಷ್ಟಿದ್ದರೆ ಸಹಜ, ಎಷ್ಟಿದ್ದರೆ ಕೊಳೆ? ಉತ್ತರ ಅದೇ ಸಾವಿರಾರು ರೀಡಿಂಗುಗಳಲ್ಲಿ ಅಡಗಿತ್ತು. ಮನುಷ್ಯರ ಸುಳಿವಿಲ್ಲದ ಜಾಗಗಳ ಸಂಖ್ಯೆಗಳನ್ನಷ್ಟೇ ಆರಿಸಿ ರಾಜ್ಯದ ನಕ್ಷೆಯ ಮೇಲೆ ಇಟ್ಟರು. ಸಂಖ್ಯೆಗಳು ಸಾಲಾಗಿ ನಿಂತವು. ಕಡಲ ಬಳಿ ಹೆಚ್ಚು, ಒಳಗೆ ಹೋದ ಹಾಗೆ ಕಡಿಮೆ, ಪಶ್ಚಿಮದ ಬೆಟ್ಟಗಳಲ್ಲಿ ಅತಿ ಕಡಿಮೆ. ಸಮಾನ ಸಂಖ್ಯೆಗಳನ್ನು ಗೆರೆ ಎಳೆದು ಸೇರಿಸಿದರೆ, ನಮ್ಮ ಸರ್ವೇಯಿಂಗ್ ಶೀಟಿನ ಕಾಂಟೂರ್ ಹಾಗೆ, ಆ ಗೆರೆಗಳು ಹೆಚ್ಚುಕಡಿಮೆ ಕಡಲತೀರಕ್ಕೆ ಸಮಾನಾಂತರವಾಗಿ ಓಡಿದವು. ಇದೇ ನಾರ್ಮಲ್ ಕ್ಲೋರಿನ್ ನಕ್ಷೆ. ವರದಿಯಲ್ಲಿ ಮುಂದೆ ನಿಂತ ಹೆಸರು ಡ್ರೌನ್ ಅವರದು. ಎಲ್ಲೆನ್ ಬಗ್ಗೆ ಬರೆದವರು ನಕ್ಷೆ ಎಲ್ಲೆನ್‌ದೇ ಅನ್ನುತ್ತಾರೆ. ನಮ್ಮ ಮಟ್ಟಿಗೆ ಇದನ್ನು ಇಬ್ಬರದೂ ಅಂದುಕೊಳ್ಳುವುದು ಸರಿ. ನಕ್ಷೆಯ ಗೆರೆ ಎಳೆದದ್ದು ಯಾರೇ ಇರಲಿ, ಗೆರೆ ನಿಂತದ್ದು ಲ್ಯಾಬಿನ ಆ ಸಂಖ್ಯೆಗಳ ಮೇಲೆ.

ಆಮೇಲೆ ಕೆಲಸ ಸಲೀಸು. ಯಾವುದೋ ಹಳ್ಳಿಯ ಬಾವಿಯ ನೀರು ತಗೊಳ್ಳಿ, ಕ್ಲೋರಿನ್ ಅಳೆಯಿರಿ, ನಕ್ಷೆಯಲ್ಲಿ ಆ ಊರಿನ ಸಹಜ ಮಟ್ಟ ನೋಡಿ ಕಳೆಯಿರಿ. ಉಳಿದದ್ದು ಮನುಷ್ಯರ ಕೈವಾಡ. ಚದರ ಮೈಲಿಗೆ ಇಷ್ಟು ಜನ ಇದ್ದರೆ ಕ್ಲೋರಿನ್ ಇಷ್ಟು ಏರುತ್ತೆ ಎಂಬ ಲೆಕ್ಕವನ್ನೂ ಮಂಡಳಿಯ ಎಂಜಿನಿಯರುಗಳು ಹಾಕಿದರು. ಚರ್ಮ ಹದ ಮಾಡುವ ಕಡೆ ಉಪ್ಪು ಹೇಗೂ ಬಳಸುತ್ತಾರೆ, ಅಲ್ಲಿ ಕ್ಲೋರಿನ್ ಏರಿದ್ದು ಚರಂಡಿಯಿಂದಲೋ ಕಾರ್ಖಾನೆಯಿಂದಲೋ ಎಂಬ ಪ್ರಶ್ನೆ ಬಂದರೆ, ನೈಟ್ರೋಜನ್ನಿನ ನಾಲ್ಕು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ರೆಕಾರ್ಡಿನ 250ಕ್ಕೆ ಒಮ್ಮೆ ವಾಪಸ್ ಹೋಗೋಣ. ಭಾರತೀಯ ಮಾನಕ ಹೇಳುವ ಲೀಟರಿಗೆ 250 ಮಿಲಿಗ್ರಾಂ ಮುಖ್ಯವಾಗಿ ರುಚಿಗೆ ಸಂಬಂಧಿಸಿದ ಮಿತಿ. ಎಲ್ಲೆನ್ ಕೇಳಿದ ಪ್ರಶ್ನೆಯೇ ಬೇರೆ. ಸಹಜವಾಗಿ 3 ಇರಬೇಕಾದ ಜಾಗದಲ್ಲಿ 20 ಬಂದರೆ ಅದು 250ರ ಹತ್ತಿರಕ್ಕೂ ಬರುವುದಿಲ್ಲ, ನಾವು ಕುಡಿಯಲು ಯೋಗ್ಯ ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಅವರು ಆ 17 ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗುತ್ತಿದ್ದರು. ಹಾಗಂತ ಅವರ ನಕ್ಷೆಯನ್ನು ಹಾಗೇ ತಂದು ನಮ್ಮ ಮೇಲೆ ಹೊದಿಸಲು ಆಗುವುದಿಲ್ಲ. ಕರಾವಳಿಯ ಬಾವಿಯ ಮಾತು ಬೇರೆ, ಬಯಲುಸೀಮೆಯ ಬೋರ್‌ವೆಲ್ ಮಾತು ಬೇರೆ. ನಮ್ಮಲ್ಲಿ ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಂದವಾಗುತ್ತೆ, ಕಲ್ಲು ಮಣ್ಣಿನಿಂದಲೂ ಸೇರುತ್ತೆ. ಪ್ರತಿ ಸೀಮೆಗೆ ಅದರದ್ದೇ ಸಹಜ ಮಟ್ಟವನ್ನು ಅಳೆದೇ ಕಂಡುಕೊಳ್ಳಬೇಕು.

ಸರ್ವೆಯ ಜತೆಜತೆಗೇ, 1887ರಲ್ಲಿ, ಲಾರೆನ್ಸ್‌ನಲ್ಲಿ ಮೆರಿಮ್ಯಾಕ್ ದಡದ ಮೇಲೆ ಮಂಡಳಿ ಒಂದು ಪ್ರಯೋಗ ಕೇಂದ್ರ ತೆರೆಯಿತು. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಬೇರೆ ಬೇರೆ ಮರಳು ತುಂಬಿ, ಚರಂಡಿ ನೀರನ್ನೂ ನದಿ ನೀರನ್ನೂ ಸೋಸಿ ನೋಡುವ ಜಾಗ. 1890ರ ಕೊನೆಯಲ್ಲಿ ಲೋವೆಲ್‌ನಲ್ಲಿ ಟೈಫಾಯಿಡ್ ಎದ್ದಿತು. ಕೆಲವೇ ವಾರಗಳಲ್ಲಿ ಕೆಳಗಿನ ಲಾರೆನ್ಸ್‌ನಲ್ಲೂ ಜನ ಮಲಗಿದರು, ಸಾಯತೊಡಗಿದರು. ಎಲ್ಲೆನ್ ಸಹೋದ್ಯೋಗಿ, ಜೀವಶಾಸ್ತ್ರದ ವಿಲಿಯಂ ಸೆಡ್ಜ್‌ವಿಕ್ ಮನೆಮನೆ ತಿರುಗಿ, ಜಾಡು ಹಿಡಿದು, ಲೋವೆಲ್‌ಗಿಂತ ಮೇಲೆ ನದಿಗೆ ಸೇರುವ ಒಂದು ಹಳ್ಳದ ದಡದ ಶೌಚಾಲಯದವರೆಗೆ ಹೋದರು. ಹರಿದ ನೀರು ತಾನೇ ಶುದ್ಧವಾಗುತ್ತದೆ ಎಂಬ ವಾದ ಅಲ್ಲಿಗೆ ಮುಗಿಯಿತು. 1893ರಲ್ಲಿ ಮಿಲ್ಸ್ ಲಾರೆನ್ಸ್‌ಗೆ ಮರಳಿನ ಸೋಸುಪಾತಿ ಕಟ್ಟಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಟೈಫಾಯಿಡ್ ಸಾವು ಐದರಲ್ಲಿ ಸುಮಾರು ನಾಲ್ಕು ಭಾಗ ಇಳಿಯಿತು.

ಆ ಲ್ಯಾಬು, ಆ ಕೇಂದ್ರಗಳ ಗಾಳಿ ಕುಡಿದು ಬೆಳೆದವರ ಹೆಸರುಗಳು ನಮ್ಮ ಸಿಲೆಬಸ್ಸಿನಲ್ಲಿ ಇಂದಿಗೂ ಓಡಾಡುತ್ತಿವೆ. ಪೈಪಿನಲ್ಲಿ ಹೆಡ್ ಲಾಸ್ ತೆಗೆಯಲು ಹೇಜನ್-ವಿಲಿಯಮ್ಸ್ ಸೂತ್ರ ಹಾಕುತ್ತೀರಲ್ಲ, ಆ ಅಲೆನ್ ಹೇಜನ್ ಎಂಐಟಿಯಲ್ಲಿ ಓದಿ ಲಾರೆನ್ಸ್ ಕೇಂದ್ರದಲ್ಲಿ ರಸಾಯನತಜ್ಞರಾಗಿದ್ದವರು. ನದಿಯಲ್ಲಿ ಆಮ್ಲಜನಕ ಇಳಿದು ಏರುವ ಆ ಸ್ಯಾಗ್ ಕರ್ವ್, ಸ್ಟ್ರೀಟರ್-ಫೆಲ್ಪ್ಸ್ ಸಮೀಕರಣ, ಆ ಅರ್ಲ್ ಫೆಲ್ಪ್ಸ್ ಕೂಡ ಅಲ್ಲಿಂದಲೇ ಬಂದವರು. ಎಲ್ಲೆನ್ ಹೆಸರಿನ ಸಮೀಕರಣ ಯಾವುದೂ ಇಲ್ಲ. ಪಾಠ ಹೇಳಿದರು, ಪಿಪೆಟ್ ಹಿಡಿಯುವುದನ್ನು ಕಲಿಸಿದರು, 1900ರಲ್ಲಿ ಆಲ್ಫಿಯಸ್ ವುಡ್‌ಮನ್ ಜತೆ ಗಾಳಿ, ನೀರು, ಆಹಾರದ ವಿಶ್ಲೇಷಣೆಯ ಬಗ್ಗೆ ಪಠ್ಯಪುಸ್ತಕ ಬರೆದರು.

ನೀರಿನಷ್ಟೇ ಅಲ್ಲ. ಕಾರ್ಖಾನೆಗಳಿಗೆ ಬೆಂಕಿ ವಿಮೆ ಮಾಡುವ ಕಂಪನಿಯೊಂದಕ್ಕೆ, ಯಾವ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತೆ ಅಂತ ಪರೀಕ್ಷಿಸಿ ಕೊಟ್ಟರು. ಗೋಡೆಗಂಟಿಸುವ ಬಣ್ಣದ ಕಾಗದದಲ್ಲಿ ಆರ್ಸೆನಿಕ್ ಹುಡುಕಿದರು. ದಿನಸಿಯ ಕಲಬೆರಕೆ ಬಗ್ಗೆ ಪುಸ್ತಕ ಬರೆದರು. ಅಪ್ಪನ ಅಂಗಡಿಯ ಗಲ್ಲಾದ ಹಿಂದೆ ನಿಂತ ಅನುಭವ ಎಲ್ಲಿ ಹೋಗುತ್ತೆ ಹೇಳಿ. 1879ರಲ್ಲಿ ಅಮೆರಿಕದ ಮೈನಿಂಗ್ ಎಂಜಿನಿಯರುಗಳ ಸಂಸ್ಥೆ ಅವರನ್ನು ಸದಸ್ಯೆಯಾಗಿ ಆರಿಸಿತು, ಅಲ್ಲೂ ಮೊದಲ ಮಹಿಳೆ. ಬಾಸ್ಟನ್ನಿನ ಜಮೈಕಾ ಪ್ಲೇನ್‌ನಲ್ಲಿದ್ದ ಅವರ ಮನೆಯೇ ಇನ್ನೊಂದು ಲ್ಯಾಬು. ಗಾಳಿ ಹೇಗೆ ಬರಬೇಕು, ಹೊಗೆ ಹೇಗೆ ಹೋಗಬೇಕು, ಬಚ್ಚಲ ನೀರು ಎಲ್ಲಿಗೆ ಸೇರಬೇಕು ಎಂದು ಮಾಡಿ ನೋಡಿ ತಿದ್ದುತ್ತಿದ್ದರು.

ಎಲ್ಲವೂ ಗೆದ್ದಿತು ಅಂತಲ್ಲ. 1890ರಲ್ಲಿ ಬಾಸ್ಟನ್ನಿನ ಬಡ ಕೆಲಸಗಾರರಿಗಾಗಿ ಕಡಿಮೆ ಬೆಲೆಗೆ ಪೌಷ್ಟಿಕ ಅಡುಗೆ ಮಾರುವ ಕೇಂದ್ರವೊಂದನ್ನು ತೆರೆದರು. ಪ್ರೋಟೀನು, ಕೊಬ್ಬು, ಖರ್ಚು ಎಲ್ಲ ಅಳೆದು ಮಾಡಿದ ಸೂಪು, ಗಂಜಿ. ವಲಸೆ ಬಂದ ಜನ ಒಮ್ಮೆ ರುಚಿ ನೋಡಿ ಮತ್ತೆ ಬರಲಿಲ್ಲ. ಅವರಿಗೆ ಬೇಕಿದ್ದದ್ದು ತಮ್ಮ ಊರಿನ ಊಟ. ಹಾಸ್ಟೆಲ್ ಮೆಸ್ಸಿನ ಬೋರ್ಡಿನ ಮೇಲೆ ಕ್ಯಾಲೊರಿ ಬರೆದ ಮಾತ್ರಕ್ಕೆ ಅಲ್ಲಿನ ಉಪ್ಪಿಟ್ಟು ಇಳಿಯುತ್ತದೆಯೇ? ಉಪ್ಪನ್ನು ಲಕ್ಷಕ್ಕೊಂದು ಭಾಗದವರೆಗೆ ಅಳೆದವರಿಗೆ ಊಟದ ಉಪ್ಪು ಖಾರದ ಲೆಕ್ಕ ಸಿಗಲಿಲ್ಲ ಅಂತಲೇ ನಮಗನ್ನಿಸಿತು. ಅದೇ ಅಡುಗೆಮನೆ ಮುಂದೆ ಬಾಸ್ಟನ್ನಿನ ಹೈಸ್ಕೂಲು ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟಿತು, ಅದು ನಡೆಯಿತು.

1892ರಲ್ಲಿ ಬಾಸ್ಟನ್ನಿನ ಸಭೆಯೊಂದರಲ್ಲಿ ಎಲ್ಲೆನ್ ಹೊಸ ಶಾಸ್ತ್ರವೊಂದಕ್ಕೆ ಹೆಸರಿಟ್ಟರು. ಜರ್ಮನಿಯ ಹೆಕೆಲ್ 1866ರಲ್ಲಿ ಹುಟ್ಟಿಸಿದ್ದ ಪದವನ್ನೇ ತೆಗೆದುಕೊಂಡು ಇಕಾಲಜಿ ಅಂದರು. ಮನೆ, ಗಾಳಿ, ನೀರು, ಆಹಾರ, ಊರು, ಕಾರ್ಖಾನೆ ಎಲ್ಲ ಒಂದೇ ಮನೆಯ ಸಂಸಾರ ಎಂಬ ಅರ್ಥದಲ್ಲಿ. ಪದ ಅವರ ಕೈಯಲ್ಲಿ ಉಳಿಯಲಿಲ್ಲ. ಗಿಡ ಮರ ಪ್ರಾಣಿಗಳನ್ನು ಓದುವವರು ಅದನ್ನು ತಮ್ಮದಾಗಿಸಿಕೊಂಡರು, ಮನುಷ್ಯರನ್ನೂ ಚರಂಡಿಯನ್ನೂ ಬಹುಕಾಲ ಅದರಿಂದ ಹೊರಗಿಟ್ಟರು. ಎಲ್ಲೆನ್ ಪಾಲಿಗೆ ಉಳಿದದ್ದು ಹೋಮ್ ಎಕನಾಮಿಕ್ಸ್, ನಮ್ಮಲ್ಲಿ ಗೃಹವಿಜ್ಞಾನ ಅನ್ನುವುದು. 1908ರಲ್ಲಿ ಅದರ ಅಮೆರಿಕನ್ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷೆ ಅವರೇ. ಹೆಣ್ಣುಮಕ್ಕಳಿಗೆ ವಿಜ್ಞಾನದ ಬಾಗಿಲು ತೆರೆಯಲು ಮಾಡಿದ ಶಾಸ್ತ್ರ, ಕೊನೆಗೆ ಹೆಣ್ಣುಮಕ್ಕಳನ್ನು ಅಡುಗೆಮನೆಗೇ ಕಳಿಸುವ ಕೋರ್ಸಾಗಿ ಎಷ್ಟೋ ಕಡೆ ನಿಂತಿತು. ಇದರ ಬಗ್ಗೆ ನಮ್ಮ ಬಳಗದಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಡಾಕ್ಟರೇಟ್ ಬಂತು, ಎಂಐಟಿಯಿಂದಲ್ಲ. 1910ರಲ್ಲಿ ಸ್ಮಿತ್ ಕಾಲೇಜು ಗೌರವಾರ್ಥವಾಗಿ ಕೊಟ್ಟಿತು. ಮರುವರ್ಷ ಎಂಐಟಿ ತನ್ನ 50ನೇ ವರ್ಷದ ಸಮಾರಂಭಕ್ಕೆ ಸಿದ್ಧವಾಗುತ್ತಿತ್ತು. ಅದಕ್ಕೆಂದು ಎಲ್ಲೆನ್ ಪ್ರಬಂಧ ಬರೆದರು. ಸಮಾರಂಭ ನೋಡಲಿಲ್ಲ. 1911ರ ಮಾರ್ಚ್ 30ರಂದು, 68ನೇ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ಜಮೈಕಾ ಪ್ಲೇನ್‌ನ ಅದೇ ಮನೆಯಲ್ಲಿ ತೀರಿಕೊಂಡರು. ಮೈನಿಂಗ್ ಪ್ರೊಫೆಸರ್ ರಾಬರ್ಟ್ ಇನ್ನೂ 34 ವರ್ಷ ಬದುಕಿದರು, ನೂರು ದಾಟಿ.

ಆ ನಕ್ಷೆಯನ್ನು ಈಗ ಯಾರೂ ಮತ್ತೆ ಬರೆಯಲಾರರು. ಮ್ಯಾಸಚೂಸೆಟ್ಸ್‌ನ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಲಾರಿಗಟ್ಟಲೆ ಉಪ್ಪು ಸುರಿಯುತ್ತಾರೆ. ಹಿಮ ಕರಗಿದಾಗ ಆ ಉಪ್ಪೆಲ್ಲ ಹೊಳೆಗೆ, ಕೆರೆಗೆ, ಬಾವಿಗೆ ಇಳಿಯುತ್ತೆ. ಕಡಲ ಗಾಳಿ ತಂದದ್ದೆಷ್ಟು, ಚರಂಡಿ ತಂದದ್ದೆಷ್ಟು ಅಂತ ಬಿಡಿಸಲು ಆಗದಷ್ಟು ಕ್ಲೋರೈಡ್ ಈಗ ಅಲ್ಲಿನ ನೀರಿನಲ್ಲಿದೆ. ಹೆದ್ದಾರಿಗಳಿಗೆ ಮುಂಚೆ ಅಲ್ಲಿನ ಕೆರೆಯ ನೀರು ಹೇಗಿತ್ತು ಅಂತ ತಿಳಿಯಬೇಕಾದರೆ 1880ರ ದಶಕದ ಅವೇ ಹಳೆಯ ಕೋಷ್ಟಕಗಳನ್ನು ತೆರೆಯಬೇಕು, ಊರಿನ ಹೆಸರು, ತಿಂಗಳು, ಲಕ್ಷ ಭಾಗಕ್ಕೆ ಕ್ಲೋರಿನ್ ಇಷ್ಟು ಎಂದು ಸಾಲುಸಾಲಾಗಿ ಅಚ್ಚಾದವುಗಳನ್ನು.